ಬ್ಯೂರೆಟ್ಟಿನ ಕೊನೆಯ ಹನಿ

ಪುಣೆಯಲ್ಲಿ ನನ್ನ ಆಫೀಸಿನ ಕ್ಯಾಬ್ ಪಾಷಾಣ್ ರಸ್ತೆ ಹಿಡಿದೇ ಹೋಗುತ್ತದೆ. (ಹೆಸರು ಕೇಳಿದರೆ ನಮ್ಮ ಕಡೆಯವರಿಗೆ ವಿಷವೇ ನೆನಪಾಗಬೇಕು!) ಅಲ್ಲಿ 1950ರಲ್ಲಿ ಶುರುವಾದ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವಿದೆ. ಬಿ.ಎಸ್ಸಿ. ಓದುವಾಗ ಅಲ್ಲಿ ಕೆಲಸ ಮಾಡುವ ಕನಸಿತ್ತು. ಈಗ ದಿನಾ ಅದರ ಗೇಟಿನ ಮುಂದೆ ಮೊಬೈಲ್ ನೋಡುತ್ತ ದಾಟುತ್ತೇನೆ.

ಕಳೆದ ಜೂನ್‌ನಲ್ಲಿ ಅಕ್ಕ ಧಾರವಾಡಕ್ಕೆ ಕರೆಸಿದಳು. "ಅಕಿಗೊಂದೀಟು ಬುದ್ಧಿ ಹೇಳೋ. ಬಿಸಿಎ ಮಾಡು ಅಂದ್ರ ಕೆಮಿಸ್ಟ್ರೀನ ಬೇಕಂತಾಳ."

ಸೊಸೆಯನ್ನು ಕರೆದುಕೊಂಡು ಕರ್ನಾಟಕ ಕಾಲೇಜಿನ ಆವರಣಕ್ಕೆ ಹೋದೆ. 1917ರಲ್ಲಿ ಆರಂಭವಾದ ಕಾಲೇಜು. ಅದರ ಹಳೆಯ ಕಲ್ಲಿನ ಕಟ್ಟಡ ಒಂದು ಕಾಲಕ್ಕೆ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿಯಾಗಿತ್ತು. ಮಳೆ ಜಿಟಿಜಿಟಿ ಹಿಡಿದಿತ್ತು. ಒಂದು ಮರದ ಕೆಳಗೆ ನಿಂತೆವು.

ಬುದ್ಧಿ ಹೇಳಲು ಶುರು ಮಾಡಿದೆ. ಬರೀ ಬಿ.ಎಸ್ಸಿ. ಸಾಲುವುದಿಲ್ಲ, ಎಂ.ಎಸ್ಸಿ. ಬೇಕು. ಔಷಧ ಕಂಪನಿಯ ಗುಣಮಟ್ಟ ವಿಭಾಗದಲ್ಲಿ ಸೇರಿದರೆ ರಾತ್ರಿ ಪಾಳಿ. ನಾನು ಎಂ.ಎಸ್ಸಿ. ಬಿಟ್ಟು ಎಂಸಿಎ ಮಾಡಿದ್ದೂ ಅದಕ್ಕೇ, ಅಪ್ಪ ಸಾಲ ಮಾಡಿ ಓದಿಸಿದ್ದರು, ಬೇಗ ಸಂಬಳ ಬೇಕಿತ್ತು.

ಅವಳು ಪೂರ್ತಿ ಕೇಳಿ, "ಅದಿರಲಿ ಮಾಮಾ, ನಿನಗ ಸೇರತಿತ್ತೋ ಇಲ್ಲೋ?" ಅಂದಳು.

ಏನು ಹೇಳಲಿ? ಹೈಡ್ರೋಜನ್ ಸಲ್ಫೈಡಿನ ಕೊಳೆತ ಮೊಟ್ಟೆ ವಾಸನೆ ಅಂಗಿಗೆ ಹತ್ತಿ, ಅವ್ವ ಅಡುಗೆಮನೆಗೆ ಸೇರಿಸುತ್ತಿರಲಿಲ್ಲ ಎಂದೆ. ಆಮೇಲೆ ಮಾತು ಪರ್ಮಾಂಗನೇಟಿಗೆ ಹೋಯಿತು. ಬಿಸಿ ಮಾಡಿದ ಆಕ್ಸಾಲಿಕ್ ಆಮ್ಲಕ್ಕೆ ಬ್ಯೂರೆಟ್ಟಿನಿಂದ ಅದನ್ನು ಬಿಟ್ಟರೆ, ಮೊದಲ ಹನಿಗಳ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಆಮೇಲೆ ಹನಿ ಬಿದ್ದ ತಕ್ಷಣ ಮಾಯ. ಕ್ರಿಯೆಯಲ್ಲಿ ಹುಟ್ಟಿದ ಮ್ಯಾಂಗನೀಸೇ ಕ್ರಿಯೆಯ ವೇಗ ಹೆಚ್ಚಿಸುತ್ತದೆ. ಬೇರೆ ಸೂಚಕ ಬೇಡ. ಕೊನೆಗೆ ಒಂದು ಹನಿ ತೆಳು ಗುಲಾಬಿಯಾಗಿ ಉಳಿದರೆ ಮುಗಿಯಿತು. ಒಂದು ಹನಿ ಹೆಚ್ಚಾಯಿತೋ, ಮತ್ತೆ ಪಿಪೆಟ್ಟಿನಿಂದ ಆರಂಭ. ಪ್ರಾಕ್ಟಿಕಲ್ ಪರೀಕ್ಷೆಯಲ್ಲೇ ನನಗೆ ಹಾಗಾಗಿತ್ತು. ಗಂಟೆ ಹೊಡೆಯಲು ಹತ್ತು ನಿಮಿಷ ಇತ್ತು, ಕೈ ನಡುಗುತ್ತಿತ್ತು. ಎರಡನೇ ಸಲ ಆ ಗುಲಾಬಿ ನಿಂತಿತು. ಇವತ್ತಿಗೂ ಯಾವ ಪ್ರಾಜೆಕ್ಟ್ ಮುಗಿದಾಗಲೂ ನನಗೆ ಅಷ್ಟು ಖುಷಿಯಾಗಿಲ್ಲ.

ಮಳೆ ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ಇದ್ದಳು. "ಸೇರತಿತ್ತಂತ ಅವ್ವಾ, ಭಾಳ ಸೇರತಿತ್ತಂತ," ಎಂದು ಸೊಸೆ ಒಳಗೆ ಓಡಿದಳು.

ಅಕ್ಕ ನನ್ನ ಮುಖ ನೋಡಿದಳು. "ನಿನ್ನ ಕರಸಿದ್ದ ತಪ್ಪಾತು ನೋಡು. ಕೈಕಾಲು ತೊಳಕೊಂಡು ಬಾ, ಚಹಾ ಇಡತೀನಿ."