ಇಬ್ಬರ ಸಾಲ

2006ರಲ್ಲಿ ನಾವು ಎಡಿಸನ್‌ನಲ್ಲಿ ಮನೆ ಕೊಂಡೆವು. ಅದೇ ವರ್ಷ ನನ್ನ ಸಹೋದ್ಯೋಗಿಯೊಬ್ಬರು ನೆವಾರ್ಕ್‌ನಲ್ಲಿ ಕೊಂಡರು. ಅವರು ಕಪ್ಪು ಜನಾಂಗದವರು. ಸಂಬಳ ಇಬ್ಬರದೂ ಹೆಚ್ಚುಕಡಿಮೆ ಒಂದೇ. ನನಗೆ ಬ್ಯಾಂಕಿನಿಂದ ಮೂವತ್ತು ವರ್ಷದ ಸ್ಥಿರ ಬಡ್ಡಿಯ ಸಾಲ ಸಿಕ್ಕಿತು. ಅವರ ಮನೆಬಾಗಿಲಿಗೆ ಬಂದವನು ದಲ್ಲಾಳಿ. ಕೊಡಿಸಿದ್ದು ಎರಡು ವರ್ಷದ ನಂತರ ಬಡ್ಡಿ ಏರುವ ಸಾಲ. 2009ರಲ್ಲಿ ಆ ಮನೆ ಹರಾಜಾಯಿತು. "ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು" ಎಂದು ನನ್ನಾಕೆಯ ಹತ್ತಿರ ಅಂದವನು ನಾನೇ.

1930ರ ದಶಕದಲ್ಲಿ ಸರ್ಕಾರದ್ದೇ ಒಂದು ಸಂಸ್ಥೆ ನೆವಾರ್ಕಿನ ನಕ್ಷೆಯಲ್ಲಿ ಕಪ್ಪು ಜನರಿದ್ದ ಬಡಾವಣೆಗಳಿಗೆ ಕೆಂಪು ಬಳಿದಿತ್ತು: ಸಾಲ ಕೊಟ್ಟರೆ ಅಪಾಯ ಎಂದು. 1968ರ ಕಾಯಿದೆ ಇಂಥ ತಾರತಮ್ಯವನ್ನು ನಿಷೇಧಿಸಿತು. ಹಳೆಯ ಕಥೆ ಅನ್ನೋಣವೆಂದರೆ, 2015ರಲ್ಲಿ ಪರಾಮಸ್‌ನ ಹಡ್ಸನ್ ಸಿಟಿ ಸೇವಿಂಗ್ಸ್ ಬ್ಯಾಂಕ್ ಮೇಲೆ ಕೇಂದ್ರ ಸರ್ಕಾರ ಅದೇ ಬಗೆಯ ದೂರು ಹೂಡಿತು. ಸುಮಾರು 3.3 ಕೋಟಿ ಡಾಲರಿಗೆ ರಾಜಿಯಾಯಿತು. 2022ರಲ್ಲಿ ನೆವಾರ್ಕ್ ಪ್ರದೇಶದ ದೂರಿನಲ್ಲಿ ಲೇಕ್‌ಲ್ಯಾಂಡ್ ಬ್ಯಾಂಕ್ 1.3 ಕೋಟಿಗೆ ಒಪ್ಪಿತು. ಬ್ಯಾಂಕು ಕಾಲಿಡದ ಕಡೆಗೇ ಅಲ್ಲವೇ ದಲ್ಲಾಳಿ ಹೋಗುವುದು?

ಮನೆ ಹುಡುಕುವಾಗ ನಮ್ಮ ಏಜೆಂಟ್, "ಆ ಕಡೆ ಬೇಡ ಸಾರ್, ನಿಮ್ಮವರೆಲ್ಲ ಇಲ್ಲಿದ್ದಾರೆ" ಅಂದಿದ್ದ. ನಾನು ಥ್ಯಾಂಕ್ಸ್ ಹೇಳಿದ್ದೆ. ಹಾಗೆ ಹೇಳುವುದೂ ಕಾನೂನುಬಾಹಿರವಂತೆ, ಗೊತ್ತಾದದ್ದು ಈಚೆಗೆ.

ಅವರೀಗ ಈಸ್ಟ್ ಆರೆಂಜ್‌ನಲ್ಲಿ ಬಾಡಿಗೆಗಿದ್ದಾರೆ. ದೀಪಾವಳಿಗೆ ಕೋಡುಬಳೆ ಕೊಟ್ಟುಬಂದೆ. ಮನೆಯ ಮಾತು ಎತ್ತಲು ಬಾಯಿ ಬರಲಿಲ್ಲ.