ಹೊಳೆಯ ಈಜು, ಕೊಳದ ಈಜು

ಒಲಿಂಪಿಕ್ಸ್‌ವರೆಗೆ ಹೋದ ಈಜುಗಾರ್ತಿ ನಿಶಾ ಮಿಲೆಟ್ ನೀರಿಗಿಳಿದದ್ದು ಆಸೆಯಿಂದಲ್ಲ, ಭಯದಿಂದ. 1982ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅವರು ಐದರ ಪ್ರಾಯದಲ್ಲಿ ನೀರಿನಲ್ಲಿ ಮುಳುಗಿ ಸ್ವಲ್ಪದರಲ್ಲೇ ಪಾರಾಗಿದ್ದರು. ಇಂಥದ್ದೊಂದು ಆದ ಮೇಲೆ ಮಗುವನ್ನು ನೀರಿನ ಹತ್ತಿರ ಸುಳಿಯಗೊಡದಿರುವುದು ಲೋಕರೂಢಿ. ಅವರ ತಂದೆ ಅದಕ್ಕೆ ತದ್ವಿರುದ್ಧವಾಗಿ, ಮಗಳು ಈಜು ಕಲಿಯಲೇಬೇಕೆಂದು ಪಟ್ಟು ಹಿಡಿದರು. 1991ರಲ್ಲಿ ಚೆನ್ನೈನ ಶೆಣೈನಗರದ ಈಜುಕೊಳದಲ್ಲಿ ಕಲಿಕೆ ಶುರುವಾಯಿತು. ಮರುವರ್ಷವೇ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ರಾಜ್ಯಮಟ್ಟದ ಪದಕ ಬಂತು.

ನೀರಿನ ಭಯವೆಂದರೇನೆಂದು ಸಕಲೇಶಪುರ, ಆಲೂರು ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಮೆಲ್ಲಗೆ ಹರಿಯುವ ಹೇಮಾವತಿ, ಆಷಾಢದ ಹೊತ್ತಿಗೆ ಕೆಂಪಾಗಿ ಉಬ್ಬಿ ದಡದ ಹೊಳೆಮಲ್ಲೇಶ್ವರ ದೇವಸ್ಥಾನಕ್ಕೇ ನುಗ್ಗುತ್ತದೆ. ಹೊಳೆಯಾದರೂ ತಾನು ಅಪಾಯವೆಂದು ಸದ್ದು ಮಾಡಿ ಹೇಳೀತು. ಕಾಫಿ ತೋಟದ ಕೆರೆಗಳು ಅದನ್ನೂ ಹೇಳುವುದಿಲ್ಲ. ಹೂವಿನ ಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಯಿಸಲೆಂದು ತೋಡಿದ ಆ ಕೆರೆಗಳ ಅಂಚು ಕಡಿದಾಗಿರುತ್ತದೆ, ಮಣ್ಣು ಜಾರುತ್ತದೆ. ಈಜು ಬಲ್ಲವನಿಗೂ ಮೇಲೆ ಹತ್ತಲು ಹಿಡಿತ ಸಿಗದು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡೋ ಬಾಳೆದಿಂಡು ಅಪ್ಪಿಕೊಂಡೋ ಕಲಿತ ಹಳ್ಳಿಯ ಈಜು ಧೈರ್ಯ ಕೊಡುತ್ತದೆ, ಜೀವವನ್ನೂ ಉಳಿಸುತ್ತದೆ. ಆದರೆ ಅದರಲ್ಲಿ ತಲೆ ಸದಾ ನೀರಿನ ಮೇಲಿರುತ್ತದೆ. ತಲೆ ಎತ್ತಿದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ; ಮೈ ಓರೆಯಾಗಿ ನಿಂತು ನೀರನ್ನು ತಾನೇ ತಡೆಯುತ್ತದೆ. ಮಡುವಿನ ಆಚೆ ದಡ ಮುಟ್ಟಲು ಅದು ಸಾಕು, ಸ್ಪರ್ಧೆಗೆ ಸಾಲದು.

ಸ್ಪರ್ಧೆಯ ಈಜು ನಾಲ್ಕು ಗೋಡೆಯೊಳಗಿನ ವಿದ್ಯೆ. ಕೊಳದ ಉದ್ದ 50 ಮೀಟರ್, ತಳದಲ್ಲಿ ಕಪ್ಪು ಗೆರೆ, ಪಕ್ಕದಲ್ಲಿ ಲೇನಿನ ಹಗ್ಗ. ಬೆಳಿಗ್ಗೆ ಸಂಜೆ ಅದೇ ಗೆರೆಯ ಮೇಲೆ ಸಾವಿರಾರು ಮೀಟರ್. ನೋಡುವವರಿಗೆ ಇದರಷ್ಟು ಬೇಸರದ ಆಟ ಇನ್ನೊಂದಿಲ್ಲವೆಂದರೆ ತಪ್ಪಲ್ಲ. ಬೆಂಗಳೂರಿನ ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿ ಕೋಚ್ ಎಸ್. ಪ್ರದೀಪ್ ಕುಮಾರ್ ಅವರ ಕೈಕೆಳಗೆ ನಿಶಾ ಪಳಗಿದ್ದು ಈ ಬೇಸರದಲ್ಲೇ. 1999ರಲ್ಲಿ ಇಂಫಾಲದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಅವರು ಕರ್ನಾಟಕಕ್ಕೆ ಗೆದ್ದುಕೊಟ್ಟ ಚಿನ್ನದ ಪದಕಗಳು 14. ಒಂದೇ ಕೂಟದಲ್ಲಿ ಇಷ್ಟೊಂದು ಸಲ ನೀರಿಗಿಳಿದು ಪ್ರತಿ ಬಾರಿಯೂ ಮೊದಲಿಗರಾಗಿ ಗೋಡೆ ಮುಟ್ಟಲು ವೇಗವೊಂದೇ ಸಾಲದು. ಒಂದು ಓಟದ ದಣಿವನ್ನು ಮುಂದಿನ ಓಟದೊಳಗೆ ಕಳೆದುಕೊಳ್ಳುವ ಕಸುವೂ ಬೇಕು. 2000ದ ಸಾಲಿನ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

ಅದೇ ವರ್ಷ ಸಿಡ್ನಿ ಒಲಿಂಪಿಕ್ಸ್. ನಿಶಾ ಅವರ ಸ್ಪರ್ಧೆ 200 ಮೀಟರ್ ಫ್ರೀಸ್ಟೈಲ್. ಇದು ವಿಚಿತ್ರವಾದ ದೂರ. ನಾಲ್ಕು ಉದ್ದ, ಮೂರು ಟರ್ನ್. ಮೊದಲ ನೂರು ಮೀಟರಿನಲ್ಲಿ ಇದ್ದಬದ್ದದ್ದನ್ನೆಲ್ಲ ಸುರಿದರೆ ಕೊನೆಯ ಐವತ್ತರಲ್ಲಿ ತೋಳು ಎತ್ತಲಾಗದು, ಕೂಡಿಟ್ಟುಕೊಂಡರೆ ಮುಂದಿನವರು ಕೈಗೆ ಸಿಗರು. ನಿಶಾ ತಮ್ಮ ಹೀಟ್ಸ್‌ನಲ್ಲಿ ಮೊದಲಿಗರಾದರು; ಆದರೂ ಸೆಮಿಫೈನಲ್ ತಲುಪಲಿಲ್ಲ. ಈಜಿನ ಲೆಕ್ಕ ಗೊತ್ತಿಲ್ಲದವರಿಗೆ ಇದು ಅನ್ಯಾಯವೆಂದೇ ತೋರೀತು. ಹೀಟ್ಸ್‌ಗಳನ್ನು ಜೋಡಿಸುವುದು ಈಜುಗಾರರ ಹಿಂದಿನ ವೇಳೆಗಳ ಮೇಲೆ; ನಿಧಾನದವರು ಮೊದಲ ಹೀಟ್ಸ್‌ಗಳಲ್ಲಿ, ಅತಿ ವೇಗದವರು ಕೊನೆಯವುಗಳಲ್ಲಿ. ಮುಂದಿನ ಸುತ್ತಿಗೆ ಹೋಗುವುದು ಎಲ್ಲ ಹೀಟ್ಸ್ ಸೇರಿ ಅತಿ ಕಡಿಮೆ ವೇಳೆ ತೆಗೆದುಕೊಂಡ 16 ಮಂದಿ. ಹಾಗಾಗಿ ಪಕ್ಕದ ಲೇನಿನವರನ್ನೆಲ್ಲ ಹಿಂದೆ ಹಾಕಿದರೂ ಗಡಿಯಾರದೆದುರು ಸೋಲಬಹುದು. ಆ ಸ್ಪರ್ಧೆಯ ಚಿನ್ನ ಆತಿಥೇಯ ಆಸ್ಟ್ರೇಲಿಯಾದ ಸೂಸಿ ಓನೀಲ್ ಅವರ ಪಾಲಾಯಿತು. ಭಾರತದ ಹೆಣ್ಣುಮಕ್ಕಳು, ಡಾಲಿ ನಜೀರ್ ಮತ್ತು ಆರತಿ ಸಾಹಾ, ಒಲಿಂಪಿಕ್ಸ್ ಈಜಿಗೆ ಇಳಿದದ್ದು 1952ರಲ್ಲೇ, ಹೆಲ್ಸಿಂಕಿಯಲ್ಲಿ. ಅಲ್ಲಿಂದ ಸಿಡ್ನಿಗೆ ಅರ್ಧ ಶತಮಾನ ಹತ್ತಿರವಾದರೂ ಸೆಮಿಫೈನಲ್ ದೂರವೇ ಉಳಿದಿತ್ತು. ಅದನ್ನು ಒಬ್ಬ ಹುಡುಗಿಯ ಸೋಲೆಂದು ಓದುವುದು ಸರಿಯಲ್ಲ.

2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. ಫ್ರೀಸ್ಟೈಲ್‌ನಲ್ಲಿ ತೋಳು ನೀರನ್ನು ಎಳೆಯುತ್ತದೆ, ಕಾಲು ಒದೆಯುತ್ತದೆ. ಎರಡನ್ನೂ ಬೆಸೆಯುವುದು ಬೆನ್ನು. ಅದಕ್ಕೆ ಕತ್ತರಿ ಬಿದ್ದ ಮೇಲೆ ಮತ್ತೆ ಸ್ಪರ್ಧೆಗೆ ಮರಳಿದ್ದೇ ದೊಡ್ಡದು. ಆದರೆ 2004ರ ಅಥೆನ್ಸ್ ತಪ್ಪಿಹೋಯಿತು. ಆ ಒಲಿಂಪಿಕ್ಸ್‌ನಲ್ಲಿ 50 ಮತ್ತು 100 ಮೀಟರ್ ಫ್ರೀಸ್ಟೈಲ್ ಈಜಿದ್ದು ಬೆಂಗಳೂರಿನವರೇ ಆದ ಶಿಖಾ ಟಂಡನ್. ಈಜು ಬಿಟ್ಟವರೆಲ್ಲ ಕೋಚ್ ಆಗುವುದಿಲ್ಲ. ಶಿಖಾ ಮುಂದೆ ಅಮೆರಿಕಕ್ಕೆ ಹೋಗಿ ಉದ್ದೀಪನ ಮದ್ದು ತಡೆಯುವ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು. ನಿಶಾ ಕೊಳದ ದಡದಲ್ಲೇ ಉಳಿದು ಬೆಂಗಳೂರಿನಲ್ಲಿ ತಮ್ಮ ಹೆಸರಿನ ಈಜು ಅಕಾಡೆಮಿ ಕಟ್ಟಿದರು.

ಕೋಚ್‌ಗಳಲ್ಲೂ ಎರಡು ಬಗೆ. ಪದಕದ ಈಜುಗಾರರನ್ನು ತಯಾರಿಸುವವರು ಒಂದು ಬಗೆ. 2015ರಲ್ಲಿ ನಿಹಾರ್ ಅಮೀನ್ ಅವರಿಗೆ, ಮರುವರ್ಷ ಪ್ರದೀಪ್ ಕುಮಾರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು ಈ ಕೆಲಸಕ್ಕೆ. 2021ರಲ್ಲಿ ಅಮೀನ್ ಅವರ ಶಿಷ್ಯ ಬೆಂಗಳೂರಿನ ಶ್ರೀಹರಿ ನಟರಾಜ್, ಪ್ರದೀಪ್ ಅವರ ಶಿಷ್ಯ ಕೇರಳದ ಸಾಜನ್ ಪ್ರಕಾಶ್ ಇಬ್ಬರೂ ಒಲಿಂಪಿಕ್ಸ್‌ನ ‘ಎ’ ಅರ್ಹತಾ ವೇಳೆ ಮುಟ್ಟಿದರು. ಅಲ್ಲಿಯವರೆಗೆ ಯಾವ ಭಾರತೀಯನಿಗೂ ಅದು ದಕ್ಕಿರಲಿಲ್ಲ. ನೀರೆಂದರೆ ಹೆದರುವ ಮಗುವಿಗೆ, ನಲವತ್ತು ದಾಟಿದ ಮೇಲೆ ಕಲಿಯಲು ಬರುವವರಿಗೆ ಹೇಳಿಕೊಡುವುದು ಇನ್ನೊಂದು ಬಗೆ. ಅದಕ್ಕೆ ಪ್ರಶಸ್ತಿಗಳಿಲ್ಲ. ನಿಶಾ ಅವರಂತೆ ಮುಳುಗುವ ಭಯವನ್ನು ತಾವೇ ಉಂಡವರಿಗೆ ಈ ಕೆಲಸದಲ್ಲಿ ಒಂದು ಅನುಕೂಲವಿದೆ: ಭಯ ಪಡಬೇಡ ಎಂಬ ಮಾತಿನಿಂದ ಭಯ ಹೋಗುವುದಿಲ್ಲವೆಂದು ಅವರಿಗೆ ಗೊತ್ತಿರುತ್ತದೆ.

ಹೊಸಬರ ಕಲಿಕೆ ಕೈಕಾಲಿನಿಂದ ಶುರುವಾಗುವುದಿಲ್ಲ, ಉಸಿರಿನಿಂದ ಶುರುವಾಗುತ್ತದೆ. ಹೆದರಿದವರು ಮುಖ ನೀರಿಗೆ ತಾಗಿದ ಕೂಡಲೇ ಉಸಿರು ಬಿಗಿಹಿಡಿಯುತ್ತಾರೆ. ತಲೆ ಎತ್ತಿದಾಗ ಒಳಗಿನ ಗಾಳಿ ಬಿಟ್ಟು ಹೊಸದನ್ನು ಎಳೆದುಕೊಳ್ಳಲು ವೇಳೆ ಸಾಲದೆ ನೀರು ಕುಡಿಯುತ್ತಾರೆ, ಇನ್ನಷ್ಟು ಹೆದರುತ್ತಾರೆ. ಆದ್ದರಿಂದ ಅಂಚಿನ ಸರಳು ಹಿಡಿದು, ಮುಖ ಮುಳುಗಿಸಿ, ಗುಳ್ಳೆ ಬರುವಂತೆ ಉಸಿರು ಬಿಡುವುದೇ ಮೊದಲ ಪಾಠ. ಆಮೇಲೆ ತೇಲುವುದು, ತೇಲಿದ್ದಲ್ಲಿಂದ ಎದ್ದು ನಿಲ್ಲುವುದು, ಗೋಡೆ ಒದ್ದು ಬಾಣದಂತೆ ಜಾರುವುದು. ಕಿಕ್‌ಬೋರ್ಡ್, ತೋಳಿನ ಎಳೆತ ಇವೆಲ್ಲ ಅನಂತರ.

ಹೇಮಾವತಿಯ ಮಡುವಿನಲ್ಲಿ ಕಲಿತ ಹುಡುಗ ಕೊಳಕ್ಕೆ ಬಂದರೂ ಕೋಚ್ ಆರಂಭಿಸುವುದು ಈ ಗುಳ್ಳೆಯಿಂದಲೇ. ಅವನಲ್ಲಿ ಭಯವಿರದು, ತಲೆ ಎತ್ತಿ ಈಜುವ ಅಭ್ಯಾಸ ಮಾತ್ರ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಬಿಡಿಸುವುದು ಎಷ್ಟೋ ಸಲ ಏನೂ ತಿಳಿಯದವರಿಗೆ ಕಲಿಸುವುದಕ್ಕಿಂತ ಕಷ್ಟ. ಪದಕದ ತರಬೇತಿಗಾದರೆ ಅವನು ಘಟ್ಟದ ಊರು ಬಿಟ್ಟು ಸುಮಾರು 220 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೇ ನೆಲೆಸಬೇಕಾಗುತ್ತದೆ; ಬೆಳಗಿನ ಜಾವದ ಅಭ್ಯಾಸಕ್ಕೆ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರ ಅದಲ್ಲ.