ಗಡಿಯಾರದೊಳಗೊಂದು ವಿಮಾನ

ನಮ್ಮ ಕಟ್ಟಾಯದ ಕಡೆ ಮುಳುಗು ಹಾಕೋದು ಅಂದ್ರೆ ತೋಟದ ಬಾವಿ, ಅಷ್ಟೇ. ಸೊಂಟಕ್ಕೆ ಸೋರೆಬುರುಡೆ ಕಟ್ಕೊಂಡು ಈಜು ಕಲಿತವರು ನಾವು. ಉಸಿರು ಎಷ್ಟು ಹೊತ್ತು ಕಟ್ಟೋಕಾಗುತ್ತೋ ಅಷ್ಟು ಹೊತ್ತು ನೀರೊಳಗೆ. ಸ್ಕೂಬಾ ಕಲಿಯೋಕೆ ಹೋದ್ಮೇಲೆ ಗೊತ್ತಾಯ್ತು, ಅಲ್ಲಿ ಈಜಿಗಿಂತ ಗಣಿತವೇ ಜಾಸ್ತಿ ಅಂತ!

ವಿಷಯ ಇಷ್ಟು. ಸಮುದ್ರದಲ್ಲಿ ಪ್ರತಿ ಹತ್ತು ಮೀಟರ್ ಇಳಿದ ಹಾಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತೆ. ಉಸಿರಾಡೋ ಗಾಳಿಯಲ್ಲಿರೋ ಸಾರಜನಕ ಮೈಯೊಳಗೆ ಕರಗ್ತಾ ಹೋಗುತ್ತೆ. ದಿಢೀರ್ ಅಂತ ಮೇಲೆ ಬಂದ್ರೆ ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ... ಗುಳ್ಳೆ. ಅದು ಕೀಲಲ್ಲಿ ಬಂದ್ರೆ ನೋವು, ಬೆನ್ನುಹುರಿಯಲ್ಲಿ ಬಂದ್ರೆ ಪಾರ್ಶ್ವವಾಯು. ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದು ಅಂತ 1908ರಲ್ಲಿ ಹಾಲ್ಡೇನ್ ಅನ್ನೋ ವಿಜ್ಞಾನಿ ಮೊದಲ ಟೇಬಲ್‌ಗಳನ್ನ ಪ್ರಕಟಿಸಿದ. ಅದಕ್ಕೆ ಪ್ರಯೋಗ ಮಾಡಿದ್ದು ಆಡುಗಳ ಮೇಲೆ. (ಪಾಪ, ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಇದನ್ನೂ ಬಿಡಲಿಲ್ಲ.)

ಈಗ ಆ ಟೇಬಲ್ ಯಾರೂ ನೋಡಲ್ಲ. ಕೈಗೆ ಗಡಿಯಾರದಂಥ ಡೈವ್ ಕಂಪ್ಯೂಟರ್ ಕಟ್ಕೊಂಡ್ರೆ ಮುಗೀತು. ನಿಜ ಹೇಳಬೇಕಂದ್ರೆ ಅದು ಟೇಬಲ್‌ಗಿಂತ ಜಾಣ. ಹದಿನೆಂಟು ಮೀಟರ್‌ಗೆ ಎರಡೇ ನಿಮಿಷ ಹೋಗಿ, ಉಳಿದಷ್ಟೂ ಹೊತ್ತು ಎಂಟು ಮೀಟರ್‌ನಲ್ಲಿ ಮೀನು ನೋಡ್ತಾ ಇದ್ರೂ ಟೇಬಲ್ ಲೆಕ್ಕದಲ್ಲಿ ಪೂರ್ತಿ ಹದಿನೆಂಟೇ. ಕಂಪ್ಯೂಟರ್ ಹಾಗಲ್ಲ, ಕ್ಷಣಕ್ಷಣಕ್ಕೂ ಆಳ ಅಳೆದು ಲೆಕ್ಕ ತಿದ್ದುತ್ತೆ. ಹಾಗಾಗಿ ಅದನ್ನ ಬೈಯೋಕೆ ನಾನು ಬರೀತಿಲ್ಲ.

ಆದ್ರೆ ಒಂದು ಲೆಕ್ಕ ನೋಡಿ. ಹದಿನೆಂಟು ಮೀಟರ್‌ಗೆ ಪಾಡಿಯವರ ಟೇಬಲ್ ಕೊಡೋದು 56 ನಿಮಿಷ. ಖುಷಿ! ಈಗ ಸಿಲಿಂಡರ್ ಕಡೆ ಬನ್ನಿ. 11 ಲೀಟರ್ ಸಿಲಿಂಡರ್, 200 ಬಾರ್. ಐವತ್ತು ಬಾರ್ ಆಪತ್ತಿಗೆ ಅಂತ ತೆಗೆದಿಟ್ರೆ ಉಳಿಯೋದು 1650 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡೋ ಮನುಷ್ಯ ಆ ಆಳದಲ್ಲಿ 56 ಲೀಟರ್ ಎಳೀತಾನೆ. ಅಂದ್ರೆ ಅರ್ಧ ಗಂಟೆ ಕೂಡ ಬರಲ್ಲ! ಸಿಲಿಂಡರ್‌ಗೆ ಸಂಪರ್ಕ ಇಲ್ಲದ ಸಾದಾ ಕಂಪ್ಯೂಟರ್‌ಗೆ ಇದು ಗೊತ್ತೇ ಆಗಲ್ಲ, ಅದು ಪಾಡಿಗೆ ಅದು ಇನ್ನೂ ಇಪ್ಪತ್ತೈದು ನಿಮಿಷ ಇದೆ ಅಂತ ತೋರಿಸ್ತಾ ಇರುತ್ತೆ. ಇದನ್ನ ದೋಣಿ ಹತ್ತೋ ಮೊದಲೇ ಕಾಗದದ ಮೇಲೆ ಮಾಡಿಕೊಂಡು ಹೋಗಿರಬೇಕು.

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿದ್ದಾಗ ಜೊತೆಗೆ ಬಂದಿದ್ದ ಗೆಳೆಯನ ಕೈಯಲ್ಲಿ ಹೊಸಾ ಕಂಪ್ಯೂಟರ್. ನಾನು ಸ್ಲೇಟಿನ ಮೇಲೆ ಪೆನ್ಸಿಲಲ್ಲಿ ಬರೀತಿದ್ರೆ ಅವನಿಗೆ ನಗು. "ಏನೋ, ಮಗ್ಗಿ ಬರೀತಿದ್ದೀಯಾ?" ಎರಡು ಡೈವ್ ಚೆನ್ನಾಗೇ ಆಯ್ತು. ಎರಡನೇದು ಮುಗಿದಾಗ ಮಧ್ಯಾಹ್ನ ಹನ್ನೆರಡು. ಮಾರನೇ ದಿನ ಹನ್ನೊಂದಕ್ಕೆ ಕಟ್ಟಾಯದಲ್ಲಿ ಅಣ್ಣನ ಮಗಳ ನಾಮಕರಣ. ಊಟ ಮಾಡಿ ಹೊರಟ್ರೆ ರಾತ್ರಿ ಮನೆ ಸೇರಬಹುದು ಅಂತ ಅವನ ಲೆಕ್ಕ.

ನಾನು ಅವನ ಕಂಪ್ಯೂಟರ್ ತೋರಿಸಿದೆ. ಪರದೆಯ ಮೇಲೆ ಪುಟ್ಟದೊಂದು ವಿಮಾನದ ಚಿತ್ರ. ಈಗ ವಿಮಾನ ಹತ್ತಬೇಡ ಅಂತ ಅರ್ಥ.

"ಲೋ, ನಾವೇನು ವಿಮಾನದಲ್ಲಿ ಹೋಗ್ತಿದೀವಾ? ಮಾರುತಿ ಕಾರು ಕಣೋ ಇದು!"

ಮೈಗೆ ಕಾರೋ ವಿಮಾನವೋ ಗೊತ್ತಾಗಲ್ಲ, ಹೊರಗಿನ ಒತ್ತಡ ಇಳಿಯೋದಷ್ಟೇ ಗೊತ್ತಾಗೋದು. ಸಕಲೇಶಪುರ, ಹಾಸನ ಎರಡೂ ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಮೇಲೆ. ಡೈವರ್ಸ್ ಅಲರ್ಟ್ ನೆಟ್‌ವರ್ಕ್‌ನವರ ಹಾರಾಟದ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತೆ: ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾದ್ರೆ 18 ಗಂಟೆ ತಡೆಯಿರಿ ಅಂತ. ಶಿರಾಡಿ ಘಾಟಿ ಇರೋದು ಅವನ ಕಂಪ್ಯೂಟರ್‌ಗೆ ಹೇಗೆ ಗೊತ್ತಾಗಬೇಕು?

ಅಮ್ಮನಿಗೆ ಫೋನ್ ಮಾಡಿದೆ. "ರಾತ್ರಿಗೆ ಬರಲ್ವೇನ್ಲಾ? ಚಪ್ಪರ ಹಾಕ್ಸೋಕೆ ನಿಮ್ಮಣ್ಣ ಒಬ್ನೇ ಅವ್ನೆ" ಅಂತ ಮುನಿಸು. ಸಾರಜನಕದ ಕತೆ ಹೇಳೋಕೆ ಹೋಗಲಿಲ್ಲ, "ಬೆಳಿಗ್ಗೆ ಬಂದೇ ಬತ್ತೀನಿ ಕಣಮ್ಮ" ಅಂದೆ.

ಹಾಗಂತ ಮುರುಡೇಶ್ವರದಲ್ಲೇ ಕೂತಿರಬೇಕಾಗಿರಲಿಲ್ಲ. ಕರಾವಳಿ ರಸ್ತೆ ಸಮುದ್ರದ ಮಟ್ಟದಲ್ಲೇ ಹೋಗುತ್ತೆ. ನಿಧಾನಕ್ಕೆ ಮಂಗಳೂರು ದಾಟಿ ಉಪ್ಪಿನಂಗಡಿಗೆ ಬಂದು, ಘಾಟಿಯ ಕೆಳಗೇ ಒಂದು ಲಾಡ್ಜಲ್ಲಿ ಮಲಗಿದ್ವಿ. ಇದೆಲ್ಲ ಹೊರಡೋ ಮೊದಲೇ ನನ್ನ ಚೀಟಿಯಲ್ಲಿತ್ತು. ಬೆಳಿಗ್ಗೆ ಆರೂವರೆಗೆ ಘಾಟಿ ಕಡೆ ಹೊರಟಾಗ ಹದಿನೆಂಟು ಗಂಟೆ ಕಳೆದು ಅರ್ಧ ಗಂಟೆ ಆಗಿತ್ತು. ಗೆಳೆಯ ದಾರಿಯುದ್ದಕ್ಕೂ ಸೊಳ್ಳೆ ಕಚ್ಚಿದ್ದಕ್ಕೆ ನನ್ನನ್ನೇ ಬೈದ. ಹತ್ತಕ್ಕೆಲ್ಲ ಕಟ್ಟಾಯದಲ್ಲಿದ್ವಿ, ಒಬ್ಬಟ್ಟು ಇನ್ನೂ ಬೇಯ್ತಾ ಇತ್ತು :)

ಭಾನುವಾರ ನೇತ್ರಾಣಿಯಲ್ಲಿ ಮುಳುಗಿ ಅದೇ ರಾತ್ರಿ ಬೆಂಗಳೂರಿನ ಬಸ್ ಹತ್ತೋ ಗೆಳೆಯರೇ, ನಿಮ್ಮೂರೂ 900 ಮೀಟರ್ ಮೇಲೇ ಇದೆ. ಶನಿವಾರವೇ ಮುಳುಗಿ, ಭಾನುವಾರ ದೇವಸ್ಥಾನ ನೋಡಿಕೊಂಡು ರಾತ್ರಿ ಬಸ್ ಹತ್ತಬಹುದಲ್ವಾ?